ಕೇಳಿ ಅರಿತದ್ದು, ಮಾಡಿ ಅರಿತದ್ದು

ಜ್ಞಾನವು ಶ್ರವಣದಿಂದ ಉಂಟಾಗುವುದೋ, ಆಚರಣೆಯಿಂದ ಉಂಟಾಗುವುದೋ ಎಂಬ ಪ್ರಶ್ನೆ ಹೊಸದೇನಲ್ಲ. ಪಾಠಶಾಲೆಯ ಜಗುಲಿಯ ಮೇಲೂ, ಕಾಲೇಜಿನ ತತ್ತ್ವಶಾಸ್ತ್ರದ ತರಗತಿಯಲ್ಲೂ ಇದು ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಲೇ ಇದೆ. ಗುಡಿಯ ಪ್ರಾಕಾರದಲ್ಲಿ ವರ್ಷವರ್ಷವೂ ಪ್ರವಚನಗಳು ನಡೆಯುತ್ತವೆ. ನಾವು ಶ್ರದ್ಧೆಯಿಂದ ಕೇಳುತ್ತೇವೆ, ತಲೆದೂಗುತ್ತೇವೆ, ಮಂತ್ರಾಕ್ಷತೆ ಪಡೆದು ಮನೆಗೆ ಮರಳುತ್ತೇವೆ. ಮರುದಿನ ನಮ್ಮ ನಡೆಯಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸ ಕಾಣದಿದ್ದರೆ, ಕೇಳಿದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ದೊಡ್ಡ ವಿಷಯಗಳ ಮೂಲಕ ವಿಚಾರಿಸಹೊರಟರೆ ದೊಡ್ಡ ಮಾತುಗಳಲ್ಲಿಯೇ ಕಳೆದುಹೋಗುವ ಭಯವುಂಟು. ಆದ್ದರಿಂದ ಪ್ರಕೃತ ಲೇಖನದಲ್ಲಿ ತೀರ ಸಾಮಾನ್ಯವಾದ ಎರಡು ಕಾರ್ಯಗಳನ್ನು ಎತ್ತಿಕೊಳ್ಳಲಾಗಿದೆ. ಒಂದು, ಮುಂಜಾನೆ ಎದ್ದು ಓಡುವುದು. ಇನ್ನೊಂದು, ತನ್ನ ಅನುಭವವನ್ನು ದಿನವೂ ಹತ್ತು ಸಾಲು ಬರೆದು ನಾಲ್ವರು ಓದುವಂತೆ ಇಡುವುದು. ಇವೆರಡನ್ನೂ ಪರೀಕ್ಷೆಗಾಗಲಿ ಸಂಬಳಕ್ಕಾಗಲಿ ಪದಕಕ್ಕಾಗಲಿ ಮಾಡುವುದಲ್ಲ, ಮಾಡಬೇಕೆಂಬ ಸಂತೋಷಕ್ಕಾಗಿಯೇ ಮಾಡುವುದು.

ನಮ್ಮ ಸೀಮೆಯಲ್ಲಿ ಈ ದೃಶ್ಯ ಅಪರೂಪವೇನಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಕರಿಭೂಮಿ ಬತ್ತದ ಕಣಜವಾಯಿತು. ಬೆಳಕು ಹರಿಯುವ ಮುನ್ನ ಊರಾಚೆಯ ರಸ್ತೆಗಳಲ್ಲಿ ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕಾಗಿ ಸಿದ್ಧರಾಗುವ ತರುಣರನ್ನು ಕಾಣಬಹುದು. ಸಕ್ಕರೆ ರೋಗಕ್ಕೆ ಹೆದರಿ ವೈದ್ಯರ ಮಾತಿನಂತೆ ಬಿರುಸಾಗಿ ನಡೆಯುವ ನಡುವಯಸ್ಸಿನವರನ್ನೂ ಕಾಣಬಹುದು. ಯಾವ ನೇಮಕಾತಿಯೂ ಇಲ್ಲದೆ, ಯಾವ ರೋಗವೂ ಇಲ್ಲದೆ ಓಡುವವರು ಕೆಲವರೇ. ಅವರನ್ನು ಕಂಡರೆ ಚಹಾದ ಅಂಗಡಿಯ ಮುಂದಿನವರು ‘ಯಾರು ಬೆನ್ನು ಹತ್ತ್ಯಾರ?’ ಎಂದು ನಗುತ್ತಾರೆ. ಮಸ್ಕಿಯಲ್ಲಾಗಲಿ ಲಿಂಗಸೂಗೂರಿನಲ್ಲಾಗಲಿ ಈ ನಗೆ ಬೇರೆಯಲ್ಲ. ಬರೆಯುವವನಿಗೂ ಇದೇ ಗತಿ. ‘ನೀನೇನು ದೊಡ್ಡ ಸಾಹಿತಿಯೇ?’ ಎಂದು ಕೇಳಿದರೆ ಆತನ ಲೇಖನಿ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಊರಿನಲ್ಲಿ ಹೊಸದನ್ನು ಕಲಿಯುವವನಿಗೆ ದೊಡ್ಡ ವಿಘ್ನವೆಂದರೆ ದಾರಿಯ ದೂರವಲ್ಲ, ಈ ನಗೆ.

ನಗುವವರ ಮಾತಿನ ಹಿಂದೆಯೂ ಒಂದು ವಾದವಿದೆ. ಅದನ್ನು ಪೂರ್ವಪಕ್ಷವಾಗಿ ಗೌರವದಿಂದಲೇ ಎತ್ತಿಕೊಳ್ಳೋಣ. ಮೊದಲನೆಯ ಆಕ್ಷೇಪ: ತಿಳಿದ ಮೇಲೆ ಮಾಡಬೇಕೇ ಹೊರತು ಮಾಡುತ್ತ ತಿಳಿಯುವುದು ಅಧಿಕಾರವಿಲ್ಲದವನ ಸಾಹಸ. ಎರಡನೆಯದು: ಓಡುವುದರಿಂದ ಬರುವುದು ಕಾಲಿನ ರೂಢಿ, ಬರೆಯುವುದರಿಂದ ಬರುವುದು ಕೈಯ ರೂಢಿ, ರೂಢಿಯನ್ನು ಜ್ಞಾನವೆನ್ನಲಾಗದು. ಮೂರನೆಯದು: ಪ್ರಯೋಜನವಿಲ್ಲದ ಕಾರ್ಯವು ಕಾಲಹರಣ, ಕಾಲಹರಣವು ದೋಷ. ಈ ಮೂರನ್ನೂ ಕ್ರಮವಾಗಿ ವಿಚಾರಿಸೋಣ.

ಮೊದಲನೆಯದಕ್ಕೆ ಸಮಾಧಾನವನ್ನು ಪಾಠಶಾಲೆಯಲ್ಲಿಯೇ ಹುಡುಕಬೇಕು. ವೇದಪಾಠವನ್ನು ಕೇಳುವ ವಿದ್ಯೆಯೆಂದು ಹೊರಗಿನವರು ಭಾವಿಸುತ್ತಾರೆ. ವಸ್ತುತಃ ಅದು ಹೇಳುವ ವಿದ್ಯೆ. ಗುರುಗಳು ಸಂಥೆಯನ್ನು ಒಮ್ಮೆ ಹೇಳಿದರೆ ವಟುವು ಮತ್ತೆ ಮತ್ತೆ ಹೇಳುತ್ತಾನೆ. ಉದಾತ್ತಾನುದಾತ್ತಗಳ ಲಕ್ಷಣ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಅವುಗಳ ಏರಿಳಿತ ಅವನ ಕಂಠದಲ್ಲಿ ನೆಲೆಸಿರುತ್ತದೆ. ಶಿಕ್ಷಾಶಾಸ್ತ್ರವನ್ನು ಓದಿ ಮುಗಿಸಿ ಅನಂತರ ಬಾಯಿ ತೆರೆಯುತ್ತೇನೆಂದು ಕುಳಿತ ವಟುವಿಗೆ ಒಂದು ಸೂಕ್ತವೂ ಬಾರದು. ಆದ್ದರಿಂದ ‘ಮೊದಲು ತಿಳಿ, ಆಮೇಲೆ ಮಾಡು’ ಎಂಬ ನಿಯಮವು ನಮ್ಮ ಅತ್ಯಂತ ಪ್ರಾಚೀನವಾದ ವಿದ್ಯೆಗೇ ಅನ್ವಯಿಸುವುದಿಲ್ಲ. ಗುರುವಿನ ಧ್ವನಿ ಮುಂದೆ, ಶಿಷ್ಯನ ಪ್ರಯತ್ನ ಒಡನೆಯೇ ಹಿಂದೆ, ಲಕ್ಷಣಜ್ಞಾನ ಕೊನೆಗೆ. ಇದು ನಮ್ಮ ಕ್ರಮ.

ದಾಸಪರಂಪರೆಯಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗಿದೆ. ನಮ್ಮ ರಾಯಚೂರು ಸೀಮೆ ದಾಸರ ತವರು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಅವರ ಶಿಷ್ಯರಾದ ಲಿಂಗಸೂಗೂರಿನ ಪ್ರಾಣೇಶದಾಸರು ಇವರೆಲ್ಲರೂ ಈ ನೆಲದವರು. ಗುರುವಿನ ಅನುಗ್ರಹದಿಂದ ಅಂಕಿತ ದೊರೆತ ಮೇಲೆ ದಾಸನು ಆ ಅಂಕಿತದಲ್ಲಿ ಪದಗಳನ್ನು ರಚಿಸತೊಡಗುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಂಕಿತವು ಕೃತಿರಾಶಿಗೆ ಸಲ್ಲುವ ಬಹುಮಾನವಲ್ಲ, ಮುಂದೆ ಆಗಬೇಕಾದ ಕೃತಿಗೆ ದೊರೆಯುವ ಅನುಮತಿ. ಶತಪದ ಬರೆದು ಬಾ, ಆಮೇಲೆ ನಿನ್ನನ್ನು ದಾಸನೆನ್ನುತ್ತೇವೆ ಎಂಬುದು ಅಲ್ಲಿನ ಕ್ರಮವಲ್ಲ. ಅಂಕಿತ ಹೊತ್ತು ಬರೆಯುತ್ತ, ಹಾಡುತ್ತ, ಕಾಲಿಗೆ ಗೆಜ್ಜೆ ಕಟ್ಟಿ ಊರೂರು ನಡೆಯುತ್ತ ಅವರು ಆ ಹೆಸರಿಗೆ ತಕ್ಕವರಾದರು. ಜಗನ್ನಾಥದಾಸರು ದಾಸದೀಕ್ಷೆಗೆ ಮೊದಲೇ ಸಂಸ್ಕೃತದಲ್ಲಿ ಪಾರಂಗತರಾದ ಪಂಡಿತರು. ಆದರೂ ಹರಿಕಥಾಮೃತಸಾರವು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಮೂಡಬೇಕಾದರೆ ಅವರು ಬೀದಿಯ ಭಾಷೆಗೆ ಇಳಿದು ಹಾಡಬೇಕಾಯಿತು. ಅಧಿಕಾರವೆಂಬುದು ಬಾಗಿಲಲ್ಲಿ ತೋರಿಸುವ ಚೀಟಿಯಲ್ಲ. ಒಳಗೆ ನಡೆದಂತೆ ಬೆಳೆಯುವ ಬಲ. ‘ನನಗೆ ಯೋಗ್ಯತೆ ಬಂದ ಮೇಲೆ ಆರಂಭಿಸುತ್ತೇನೆ’ ಎಂಬ ಮಾತು ವಿನಯದಂತೆ ತೋರಿದರೂ, ನಗೆಪಾಟಲಾಗಬಾರದೆಂಬ ಅಭಿಮಾನವೇ ಎಷ್ಟೋ ವೇಳೆ ಅದರ ಮೂಲದಲ್ಲಿ ಅಡಗಿರುತ್ತದೆ.

ಈ ಮಾತಿಗೆ ಮಸ್ಕಿಯ ಬಂಡೆಯೂ ಸಾಕ್ಷಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಇಲ್ಲಿ ಬಿದ್ದದ್ದು ಚಿನ್ನವಲ್ಲ, ಅಕ್ಷರ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಜಗತ್ತಿಗೆ ಖಚಿತವಾಯಿತು. ಹೆಸರಿನ ವಿಷಯ ಎಲ್ಲರಿಗೂ ಗೊತ್ತು. ಒಳಗಿನ ವಿಷಯವನ್ನು ಗಮನಿಸುವವರು ಕಡಿಮೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಸಂಘದ ಸಂಪರ್ಕಕ್ಕೆ ಬಂದು ಉತ್ಸಾಹದಿಂದ ತೊಡಗಿ ವರ್ಷಕ್ಕೂ ಮಿಕ್ಕಿತು ಎಂಬ ಆಶಯವನ್ನು ಚಕ್ರವರ್ತಿ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಮೊದಲ ವರ್ಷ ತನ್ನ ಪ್ರಯತ್ನ ಸಾಲದಾಗಿತ್ತೆಂಬುದನ್ನು ಇದೇ ಶಾಸನದ ಬೇರೆಡೆಯ ಪ್ರತಿಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಧರ್ಮದಲ್ಲಿ ತೊಡಗಿದರೆ ಅಲ್ಪನೂ ಈ ಸಿದ್ಧಿಯನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಬಾರದು ಎಂಬುದು ಅದರ ತಾತ್ಪರ್ಯ. ಅವನ ಮತ ಬೇರೆ, ನಮ್ಮ ಸಿದ್ಧಾಂತ ಬೇರೆ. ಆದರೆ ಹೆಸರಿಗೆ ಉಪಾಸಕನಾಗಿದ್ದ ಕಾಲಕ್ಕೂ ನಿಜವಾಗಿ ತೊಡಗಿದ ಕಾಲಕ್ಕೂ ಇರುವ ಅಂತರವನ್ನು ಲೆಕ್ಕವಿಟ್ಟು ಬರೆದ ಆ ಪ್ರಾಮಾಣಿಕತೆಯನ್ನು ಯಾರಾದರೂ ಗೌರವಿಸಬೇಕು. ಬಹುಮಟ್ಟಿಗೆ ಅದೊಂದು ದಿನಚರಿ. ಕಾಗದದ ಬದಲು ಕಲ್ಲು, ಅಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ಗಹನವಾದದ್ದು. ರೂಢಿಯು ಜ್ಞಾನವೇ? ಪಾಶ್ಚಾತ್ಯರಲ್ಲಿ ಅರಿಸ್ಟಾಟಲನು ಮನೆ ಕಟ್ಟುತ್ತಲೇ ಕಟ್ಟುವವನಾಗುವಂತೆ ನ್ಯಾಯವನ್ನು ಆಚರಿಸುತ್ತಲೇ ನ್ಯಾಯವಂತನಾಗುತ್ತಾನೆಂಬ ಆಶಯವನ್ನು ಮಂಡಿಸಿದನು. 1949ರಲ್ಲಿ ಗಿಲ್ಬರ್ಟ್ ರೈಲ್ ಎಂಬ ಆಂಗ್ಲ ತತ್ತ್ವಜ್ಞನು, ಒಂದು ಸಂಗತಿಯನ್ನು ಅರಿತಿರುವುದು ಬೇರೆ, ಒಂದು ಕಾರ್ಯವನ್ನು ಮಾಡಲು ಅರಿತಿರುವುದು ಬೇರೆ, ಎರಡನೆಯದನ್ನು ಮೊದಲನೆಯದರಲ್ಲಿ ಅಡಗಿಸಲಾಗದು ಎಂದು ವಾದಿಸಿದನು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣವೆಂಬ ನಯೀ ತಾಲೀಮನ್ನು ದೇಶದ ಮುಂದಿಟ್ಟರು. ಇವರ ಮಾತುಗಳು ನಮಗೆ ಸಹಾಯಕವೇ. ಆದರೆ ನಮ್ಮ ದರ್ಶನದಲ್ಲಿಯೇ ಈ ಪ್ರಶ್ನೆಗೆ ಸೂಕ್ಷ್ಮವಾದ ಉತ್ತರವಿದೆ. ಅದು ಸಾಕ್ಷಿಯ ವಿಚಾರ.

ಸುಖ ದುಃಖಾದಿಗಳನ್ನು ನೇರವಾಗಿ ಅರಿಯುವುದು ಸ್ವರೂಪೇಂದ್ರಿಯವಾದ ಸಾಕ್ಷಿ. ಮನಸ್ಸಿನಿಂದ ಉಂಟಾಗುವ ಜ್ಞಾನ ತಪ್ಪಬಹುದು, ಸಾಕ್ಷಿಯ ನಿಶ್ಚಯ ತಪ್ಪದು ಎಂಬುದು ಸಿದ್ಧಾಂತ. ಇದನ್ನು ಗ್ರಂಥದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯುವುದು ಸುಲಭ. ಬಾಳಿನಲ್ಲಿ ಮನಸ್ಸಿನ ಮಾತು ಯಾವುದು, ಅದಕ್ಕಿಂತ ಆಳದ ನಿಶ್ಚಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಓಡುವವನಿಗೆ ಈ ಪ್ರಶ್ನೆ ಪ್ರತಿದಿನವೂ ಎದುರಾಗುತ್ತದೆ. ಕಾಲುವೆಯ ದಂಡೆಯ ಮೇಲೆ ಸ್ವಲ್ಪ ದೂರ ಓಡುವಷ್ಟರಲ್ಲಿ ‘ಸಾಕು, ದಣಿವಾಯಿತು’ ಎಂಬ ಮಾತು ಒಳಗಿನಿಂದ ಬರುತ್ತದೆ. ಅದು ದೇಹದ ನಿಜವಾದ ಆಯಾಸವೋ, ಮನಸ್ಸು ಕಟ್ಟಿದ ನೆಪವೋ? ಯಾವ ಗ್ರಂಥವೂ ಆ ಕ್ಷಣದಲ್ಲಿ ಉತ್ತರಿಸದು, ಜೊತೆಗೆ ಓಡುವವನೂ ಉತ್ತರಿಸಲಾರ. ಹಲವು ದಿನ ಓಡಿದವನು ನಿಧಾನವಾಗಿ ಗುರುತಿಸಲು ಕಲಿಯುತ್ತಾನೆ. ಮನಸ್ಸಿನ ದಣಿವು ಮುಂದಿನ ಮರದ ತನಕ ಹೋಗುವಷ್ಟರಲ್ಲಿ ಮಾತು ಬದಲಿಸುತ್ತದೆ. ದೇಹದ ನೋವಾದರೆ ಮಾತು ಬದಲಿಸುವುದಿಲ್ಲ, ಹೆಜ್ಜೆ ಹೆಜ್ಜೆಗೂ ಅದೇ ಸ್ಥಾನದಲ್ಲಿ ಅದನ್ನೇ ಹೇಳುತ್ತದೆ. ಮೊದಲನೆಯದನ್ನು ನಂಬಿ ನಿಂತವನು ಸೋಮಾರಿಯಾಗುತ್ತಾನೆ, ಎರಡನೆಯದನ್ನು ಕಡೆಗಣಿಸಿ ಓಡಿದವನು ಕುಂಟನಾಗುತ್ತಾನೆ. ಈ ವಿವೇಕವನ್ನು ಕೇವಲ ಕಾಲಿನ ರೂಢಿಯೆನ್ನುವುದು ಹೇಗೆ? ಇಂದು ದಣಿವಿನ ವಿಷಯದಲ್ಲಿ ಕಲಿತ ಈ ಭೇದವು ನಾಳೆ ಕೋಪದ ವಿಷಯದಲ್ಲಿ, ಲೋಭದ ವಿಷಯದಲ್ಲಿ ಉಪಯೋಗಕ್ಕೆ ಬಾರದೆ ಹೋಗದು.

ಬರವಣಿಗೆಯೂ ಹೀಗೆಯೇ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಕ್ರಮದಲ್ಲಿ ನಾವು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಮನನದಿಂದ. ಕೇಳಿದ್ದು ಅರ್ಥವಾಯಿತೆಂದೇ ಎಲ್ಲರೂ ಭಾವಿಸುತ್ತೇವೆ. ಅದನ್ನು ಹತ್ತು ಸಾಲಿನಲ್ಲಿ ಬರೆಯಲು ಕುಳಿತಾಗ ಮೂರನೆಯ ಸಾಲಿಗೆ ಲೇಖನಿ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿಯೇ ಅರ್ಥವಾಗದ ಸ್ಥಳವಿದೆ. ಬರವಣಿಗೆಯ ಮೊದಲ ಉಪಕಾರವೆಂದರೆ ಈ ಸ್ಥಳವನ್ನು ತೋರಿಸಿಕೊಡುವುದು. ಅದನ್ನು ನಾಲ್ವರು ಓದುವಂತೆ ಇಟ್ಟಾಗ ಎರಡನೆಯ ಉಪಕಾರವಾಗುತ್ತದೆ. ತನಗಾಗಿ ಮಾತ್ರ ಬರೆದುಕೊಂಡವನು ‘ಇತ್ಯಾದಿ’ ಎಂದು ದಾಟಿಬಿಡಬಹುದು. ಓದುಗನೊಬ್ಬನಿದ್ದರೆ ‘ಆ ಇತ್ಯಾದಿ ಎಂದರೇನು?’ ಎಂದು ಕೇಳುತ್ತಾನೆ. ಹಟ್ಟಿಯ ಗಣಿ ಲಿಂಗಸೂಗೂರು ತಾಲೂಕಿನವರಿಗೆ ಅಪರಿಚಿತವಲ್ಲ. ಅಲ್ಲಿ ಒಂದು ಟನ್ ಅದಿರನ್ನು ಒಡೆದು ಪುಡಿಮಾಡಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಹಾಗೆಂದು ಕಲ್ಲು ಒಡೆಯುವುದನ್ನು ಯಾರೂ ವ್ಯರ್ಥವೆನ್ನುವುದಿಲ್ಲ. ದಿನವೂ ಬರೆದ ಹತ್ತು ಸಾಲುಗಳಲ್ಲಿ ತಿಂಗಳಿಗೊಂದು ವಾಕ್ಯ ನಿಜವಾಗಿ ತನ್ನದೆನ್ನುವಂತೆ ಮೂಡಿದರೆ, ಉಳಿದ ಸಾಲುಗಳ ಶ್ರಮ ಸಾರ್ಥಕವೇ. ಕನ್ನಡ ಮನೆಮಾತಾಗಿಯೂ ಒಂದು ಪತ್ರವನ್ನು ಕನ್ನಡದಲ್ಲಿ ಬರೆಯಲು ತಡವರಿಸುವ ಮಕ್ಕಳು ಇಂದು ನಮ್ಮ ಮನೆಗಳಲ್ಲಿಯೇ ಬೆಳೆಯುತ್ತಿರುವಾಗ, ಇದು ಕೇವಲ ವೈಯಕ್ತಿಕ ಲಾಭದ ವಿಷಯವೂ ಅಲ್ಲ.

ಓಟಕ್ಕೂ ಓದಿಗೂ ಸಂಬಂಧವೇನೆಂದು ಕೇಳುವವರು ಶ್ರೀಮದ್ರಾಮಾಯಣದ ಉತ್ತರಕಾಂಡವನ್ನು ನೆನೆಯಬೇಕು. ಹನುಮಂತನು ವ್ಯಾಕರಣವನ್ನು ಕಲಿಯಲು ಸೂರ್ಯನನ್ನು ಗುರುವಾಗಿ ಆರಿಸಿಕೊಂಡನು. ಸೂರ್ಯನೋ ನಿಲ್ಲುವವನಲ್ಲ. ಆದ್ದರಿಂದ ಶಿಷ್ಯನು ಮಹಾಗ್ರಂಥವನ್ನು ಹಿಡಿದು, ಗುರುವಿನ ಮುಖವನ್ನೇ ನೋಡುತ್ತ, ಉದಯಗಿರಿಯಿಂದ ಅಸ್ತಗಿರಿಯವರೆಗೆ ಅವನೊಡನೆ ಸಾಗುತ್ತಲೇ ಕಲಿತನೆಂದು ಅಲ್ಲಿದೆ. ಕಿಷ್ಕಿಂಧೆಯಲ್ಲಿ ಶ್ರೀರಾಮನೇ ಮೆಚ್ಚಿದ ಆ ಶುದ್ಧವಾದ ಮಾತು ಹೀಗೆ ಚಲಿಸುತ್ತ ಕಲಿತ ವಿದ್ಯೆ. ಶ್ರೀಮದಾಚಾರ್ಯರೂ ಬಾಲ್ಯದಲ್ಲಿ ಸಹಪಾಠಿಗಳೊಡನೆ ಓಟ, ನೆಗೆತ, ಈಜು, ಮಲ್ಲಯುದ್ಧಗಳಲ್ಲಿ ತೊಡಗಿ ಎಲ್ಲರನ್ನೂ ಮೀರಿಸುತ್ತಿದ್ದರೆಂದು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಆಚಾರ್ಯರು ಬದರಿಯವರೆಗೆ ಹೋದದ್ದೂ ಕಾಲ್ನಡಿಗೆಯಲ್ಲೇ. ಅವರ ಮಹಿಮೆಗೂ ನಮ್ಮ ಶಕ್ತಿಗೂ ಹೋಲಿಕೆಯಿಲ್ಲವೆಂಬುದು ನಿಜ. ಆದರೆ ಪಂಡಿತನ ಲಕ್ಷಣವೆಂದರೆ ಕೃಶವಾದ ಕಾಲು, ಉಬ್ಬಿದ ಹೊಟ್ಟೆ ಎಂದು ಯಾವ ಶಾಸ್ತ್ರವೂ ಹೇಳಿಲ್ಲವೆಂಬುದನ್ನಾದರೂ ಇದರಿಂದ ತಿಳಿಯಬಹುದು.

ಮೂರನೆಯ ಆಕ್ಷೇಪ ಪ್ರಯೋಜನದ್ದು. ಭಗವಂತನು ಪೂರ್ಣಕಾಮನಾಗಿದ್ದರೆ ಸೃಷ್ಟಿಯನ್ನೇಕೆ ಮಾಡಿದನು ಎಂಬ ಪ್ರಶ್ನೆಗೆ ಬ್ರಹ್ಮಸೂತ್ರಗಳು ಲೋಕದೃಷ್ಟಾಂತದಿಂದ ಲೀಲೆಯೆಂದು ಉತ್ತರಿಸುತ್ತವೆ. ಸುಖವು ಉಕ್ಕಿದವನು ಯಾವ ಫಲವನ್ನೂ ಬಯಸದೆ ಕುಣಿಯುವಂತೆ ಎಂದು ಆಚಾರ್ಯರ ಭಾಷ್ಯ ಇದನ್ನು ವಿವರಿಸುತ್ತದೆ. ಆ ದೃಷ್ಟಾಂತಕ್ಕೆ ಲೋಕದಲ್ಲಿ ಅರ್ಥವಿರಬೇಕಾದರೆ, ಲೋಕದಲ್ಲಿಯೂ ಫಲದ ಹಂಗಿಲ್ಲದ ಕ್ರಿಯೆಯೊಂದು ಇದೆಯೆಂದು ಒಪ್ಪಲೇಬೇಕು. ಫಲಕ್ಕಾಗಿ ಓಡುವ ತರುಣನು ನೇಮಕಾತಿ ಆದ ಮರುದಿನ, ಅಥವಾ ಆಗದ ಮರುದಿನ, ಓಟವನ್ನು ಬಿಟ್ಟುಬಿಡಬಹುದು. ಸಂತೋಷಕ್ಕಾಗಿ ಓಡುವವನಿಗೆ ಬಿಡುವ ಕಾರಣವೇ ಹುಟ್ಟುವುದಿಲ್ಲ. ಫಲಾಪೇಕ್ಷೆಯಿಲ್ಲದ ಕರ್ಮವೆಂಬ ಗೀತೆಯ ಉಪದೇಶವನ್ನು ದೊಡ್ಡ ಕರ್ತವ್ಯಗಳಲ್ಲಿ ಒಮ್ಮೆಲೇ ಸಾಧಿಸುವುದು ನಮ್ಮಂಥವರಿಗೆ ದುಸ್ತರ. ಯಾರೂ ಸಂಬಳ ಕೊಡದ, ಯಾರೂ ಹೊಗಳದ ಒಂದು ಸಣ್ಣ ಕೆಲಸದಲ್ಲಿ ಅದರ ರುಚಿಯನ್ನು ನೋಡಬಹುದು.

ಹಾಗೆಂದು ಇಲ್ಲಿ ಅಪಾಯಗಳಿಲ್ಲವೆಂದು ಭಾವಿಸಬಾರದು. ಇಂದು ಕೈಯಲ್ಲಿನ ಯಂತ್ರ ಹೆಜ್ಜೆಗಳನ್ನು ಎಣಿಸುತ್ತದೆ, ಬರೆದದ್ದನ್ನು ಎಷ್ಟು ಜನ ಮೆಚ್ಚಿದರೆಂದೂ ಎಣಿಸುತ್ತದೆ. ಎಣಿಕೆ ಆರಂಭವಾದೊಡನೆ ಲೀಲೆ ಮತ್ತೆ ವ್ಯಾಪಾರವಾಗುತ್ತದೆ. ಇನ್ನೊಂದು ಅಪಾಯ, ಗುರುವಿಲ್ಲದ ಅಭ್ಯಾಸ. ತಪ್ಪು ಸ್ವರವನ್ನು ನೂರು ಸಲ ಹೇಳಿದರೆ ತಪ್ಪೇ ಗಟ್ಟಿಯಾಗುತ್ತದೆ. ಓಟದಲ್ಲಿಯೂ ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುಬಂಧಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸುಲಭವಾಯಿತೆಂದು ದೂರವನ್ನು ಒಮ್ಮೆಲೇ ಹೆಚ್ಚಿಸಿದವನು ಮೊಣಕಾಲು ಹಿಡಿದು ಕೂಡುವುದು ಇದರಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಸೂರ್ಯೋದಯಕ್ಕೆ ಮುನ್ನವೇ ಓಟ ಮುಗಿಯಬೇಕು. ದೇಹವು ಸೆಕೆಗೆ ಒಗ್ಗಲು ಸುಮಾರು ಎರಡು ವಾರ ಬೇಕು. ಹೃದ್ರೋಗ, ಮಧುಮೇಹಗಳಿದ್ದವರು ಮೊದಲು ವೈದ್ಯರನ್ನು ಕೇಳಬೇಕು. ಇವೆಲ್ಲ ಕೇಳಿಯೇ ತಿಳಿಯಬೇಕಾದ ಸಂಗತಿಗಳು. ಬಿದ್ದು ತಿಳಿಯುತ್ತೇನೆನ್ನುವುದು ಮೂರ್ಖತನ. ಆದುದರಿಂದ ಶ್ರವಣವನ್ನು ತ್ಯಜಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಶ್ರವಣವು ದಾರಿಯನ್ನು ತೋರಿಸುತ್ತದೆ, ಆಚರಣೆ ಆ ದಾರಿಯಲ್ಲಿ ನಡೆಸುತ್ತದೆ. ನಡೆದವನು ಮರಳಿ ಬಂದು ಕೇಳಿದಾಗ ಅದೇ ಪ್ರವಚನ ಬೇರೆಯಾಗಿಯೇ ಕೇಳಿಸುತ್ತದೆ.

ಇಲ್ಲಿ ನ್ಯಾಯದ ಪ್ರಶ್ನೆಯೊಂದೂ ಇದೆ. ನಾವು ಆರೋಗ್ಯಕ್ಕಾಗಿ ಓಡುವ ಅದೇ ಮುಂಜಾನೆಯಲ್ಲಿ ಬತ್ತದ ನಾಟಿಗೆ ಹೊರಟ ಹೆಣ್ಣಾಳುಗಳು ಎದುರಾಗುತ್ತಾರೆ. ದಿನವಿಡೀ ಕೆಸರಿನಲ್ಲಿ ಬಾಗಿ ನಡೆಯುವವರಿಗೆ ಓಟದ ಉಪದೇಶ ಬೇಕಿಲ್ಲ. ಕೈಯಿಂದ ಕಲಿತ ಅವರ ವಿದ್ಯೆಯ ಮುಂದೆ ನಮ್ಮ ಮಾತಿನ ವಿದ್ಯೆ ವಿನಯದಿಂದ ನಿಲ್ಲಬೇಕು. ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯವನ್ನೂ ವಿಚಾರಿಸಬೇಕು. ಗಂಡಸು ಓಡಿದರೆ ನಗೆ ಮಾತ್ರ, ಹೆಂಗಸು ಓಡಿದರೆ ನಿಂದೆ. ಆಕೆ ಬರೆದರೆ ‘ಮನೆಯ ಮಾತು ಬೀದಿಗೇಕೆ?’ ಎಂಬ ಪ್ರಶ್ನೆ. ಮಾಡುವುದರಿಂದಲೇ ಕಲಿಯುವುದೆಂದು ಒಪ್ಪಿದ ಮೇಲೆ, ಮಾಡಲು ಬಿಡದಿರುವುದು ಕಲಿಯಲು ಬಿಡದಿರುವುದೇ ಆಗುತ್ತದೆ. ಜ್ಞಾನದಾನ ಶ್ರೇಷ್ಠವೆನ್ನುವ ಸಮಾಜವು ಇದನ್ನು ಯೋಚಿಸದೆ ಇರಲಾಗದು.

ಆರಂಭಿಸಬಯಸುವ ಸಜ್ಜನರಿಗೆ ಕ್ರಮವು ಕಠಿಣವೇನಲ್ಲ. ಜೊತೆಯವರೊಡನೆ ಮಾತಾಡುತ್ತ ಓಡುವಷ್ಟು ನಿಧಾನವಾಗಿ ಓಡಬೇಕು. ಮಾತು ಕಡಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡಬಹುದು. ವಾರದಲ್ಲಿ ಕೆಲವು ದಿನ ವಿಶ್ರಾಂತಿಯಿರಲಿ. ದೇಹವು ಬಲಗೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲಿಯೇ. ಸ್ನಾನಾಹ್ನಿಕಗಳು ಮುಗಿದ ಮೇಲೆ ತಾರೀಖು ಹಾಕಿ ಹತ್ತು ಸಾಲು ಬರೆಯಬೇಕು. ಕಂಡದ್ದನ್ನು ಕಂಡಂತೆ, ಕೇಳಿದ ಪ್ರವಚನವನ್ನು ತನ್ನ ಮಾತಿನಲ್ಲಿ. ಹೊಗಳುವವನಿಗಲ್ಲ, ಪ್ರಶ್ನಿಸುವವನಿಗೆ ಅದನ್ನು ಓದಲು ಕೊಡಬೇಕು.

ನಡಿಗೆಗೂ ಓಟಕ್ಕೂ ಇರುವ ಭೇದ ವೇಗದ್ದಲ್ಲ. ನಡೆಯುವವನ ಒಂದು ಕಾಲಾದರೂ ಸದಾ ನೆಲದ ಮೇಲಿರುತ್ತದೆ. ಓಡುವವನಿಗೆ ಪ್ರತಿ ಹೆಜ್ಜೆಯಲ್ಲಿಯೂ ಎರಡು ಕಾಲೂ ನೆಲ ಬಿಟ್ಟ ಒಂದು ಕ್ಷಣವುಂಟು. ಎಷ್ಟೇ ನಿಧಾನವಾಗಿ ಓಡಿದರೂ ಆ ಕ್ಷಣವನ್ನು ತಪ್ಪಿಸಲಾಗದು. ಕಲಿಯುವವನಿಗೂ ಹಾಗೆಯೇ, ತಿಳಿದ ನೆಲವನ್ನು ಬಿಟ್ಟು, ಮುಂದಿನ ನೆಲ ಇನ್ನೂ ದೊರೆಯದ ಒಂದು ಕ್ಷಣ ಬರುತ್ತದೆ. ಆ ಕ್ಷಣವನ್ನು ದಾಟಿಸುವುದು ತರ್ಕವಲ್ಲ, ಶ್ರದ್ಧೆ. ಶ್ರದ್ಧೆಯೆಂದರೆ ಕಣ್ಣು ಮುಚ್ಚಿ ನಂಬುವುದೆಂದು ತಿಳಿದವರು ಒಂದು ಮುಂಜಾನೆ ಎದ್ದು ಓಡಿ ನೋಡಲಿ, ಒಂದು ಸಂಜೆ ಕುಳಿತು ಬರೆದು ನೋಡಲಿ.

ಶ್ರೀಕೃಷ್ಣಾರ್ಪಣಮಸ್ತು.